ಬೇಗಂಪೇಟೆಯ ಫಿಲ್ಟರ್ ಕಾಕು

ಮೊನ್ನೆ ಮಧ್ಯಾಹ್ನ ಒಂದು ಪಾರ್ಸಲ್ ಬಂತು. ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಾರ್ಸಲ್ ಬರುವುದು ದೊಡ್ಡ ಸುದ್ದಿಯೇನಲ್ಲ. ಎಲ್ಲರಿಗೂ ಬಟ್ಟೆ, ಚಪ್ಪಲಿ, ಮೊಬೈಲು ಬಂದರೆ ನನಗೆ ಕಾರಿನ ಸಾಮಾನು ಬರುತ್ತದೆ. ರಟ್ಟಿನ ಡಬ್ಬಿ ಹರಿದೆ. ಒಳಗೆ ಕಾಗದದ ಮಡಿಕೆಗಳ ಒಂದು ಆಯಿಲ್ ಫಿಲ್ಟರ್, ಪಕ್ಕದಲ್ಲಿ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಕಪ್ಪು ರಬ್ಬರ್ ರಿಂಗು. ಚೀಲ ಬಿಚ್ಚಿದ್ದೇ ತಡ, ಹೊಸ ರಬ್ಬರಿನ ಖಾರವಾದ ವಾಸನೆ ಮೂಗಿಗೆ ಬಡಿಯಿತು. ನಮ್ಮ ಮನೆಯವರು ಸೋಫಾದಿಂದಲೇ ಮೂಗು ಮುಚ್ಚಿಕೊಂಡು, "ಬಾಲ್ಕನಿಗೆ ಒಯ್ಯಿ ಅದನ್ನ" ಅಂದರು. ನಾನು ಒಯ್ಯಲಿಲ್ಲ. ಇನ್ನೊಮ್ಮೆ ಮೂಸಿದೆ. ಫಿಲ್ಟರ್ ಕಾಕು ನೆನಪಾದರು...

ಬೀದರಿನ ನಮ್ಮ ಮನೆಗಳಲ್ಲಿ ಅಪ್ಪನ ತಮ್ಮನ ಹೆಂಡತಿಗೆ ಕಾಕು ಅನ್ನುತ್ತೇವೆ. ಇವರು ಹಾಗೆ ಯಾವ ನೆಂಟಸ್ತಿಕೆಯವರೂ ಅಲ್ಲ. ವಿಜಯಪುರ ಕಡೆಯಿಂದ ಮದುವೆಯಾಗಿ ಹೈದರಾಬಾದಿಗೆ ಬಂದವರು. ಬೇಗಂಪೇಟೆ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಗಂಡ ಹಳೆಯ ಗಾಡಿಗಳ ಬಿಡಿಭಾಗಗಳ ಅಂಗಡಿ ಇಟ್ಟಿದ್ದರು. ಗಂಡ ತೀರಿಕೊಂಡ ಹದಿನಾಲ್ಕನೆಯ ದಿನ ಕಾಕು ತಾವೇ ಹೋಗಿ ಶಟರ್ ಎತ್ತಿದರಂತೆ. ನಾನು ಅವರನ್ನು ಕಂಡಾಗ ಆ ಗಲ್ಲೆಯ ಹಿಂದೆ ಕೂತು ಅವರಿಗೆ ಇಪ್ಪತ್ತು ವರ್ಷದ ಮೇಲಾಗಿತ್ತು. ಮೂಗಿನ ತುದಿಯಲ್ಲಿ ಕನ್ನಡಕ, ಇಳಕಲ್ ಸೀರೆ, ಸೆರಗಿನ ತುದಿಯಲ್ಲಿ ಸದಾ ಒಂದಷ್ಟು ಗ್ರೀಸು. ಓಣಿಯ ಮೆಕ್ಯಾನಿಕರೆಲ್ಲ ಅವರನ್ನು ಫಿಲ್ಟರ್ ಅಮ್ಮ ಅನ್ನುತ್ತಿದ್ದರು. ಕನ್ನಡದವಳಾದ ನನಗೆ ಕಾಕು ಆದರು.

ನಾನು ಅವರ ಅಂಗಡಿಗೆ ಹೋಗುವಂತಾದದ್ದು ನಮ್ಮ ಅಪ್ಪನ ಹಟದಿಂದ. ಅಪ್ಪ ಬೀದರಿನಲ್ಲಿ ದನದ ಡಾಕ್ಟರು. ಅವರ ಬಿಳಿ ಕಾರು ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡದು. ಅದರ ಹಿಂದಿನ ಸೀಟಿನಲ್ಲಿ ನಾವು ಮಕ್ಕಳು ಕೂತದ್ದಕ್ಕಿಂತ ಕಾಯಿಲೆಯ ಕರುಗಳು ಕೂತದ್ದು ಹೆಚ್ಚು. ಕಣ್ಣಿನ ಆಪರೇಷನ್ ಆದ ಮೇಲೆ ಅಪ್ಪ ಗಾಡಿ ಓಡಿಸುವುದನ್ನು ಬಿಟ್ಟರು. ಅಣ್ಣಂದಿರಿಬ್ಬರಿಗೂ ಅದು ಬೇಡವಾಗಿತ್ತು. ಅದೇ ಹೊತ್ತಿಗೆ ಹೈವೇ ಪಕ್ಕದ ಧಾಬಾದವನೊಬ್ಬ ಬಂದು ಕಾರನ್ನು ಕೇಳಿದ. ಎಂಜಿನ್ ತೆಗೆದು ಧಾಬಾ ಮುಂದೆ ನಿಲ್ಲಿಸುತ್ತಾನಂತೆ, ಆ ಜಾಗದಲ್ಲಿ ಹೂವಿನ ಕುಂಡ ಇಡುತ್ತಾನಂತೆ, ಊಟಕ್ಕೆ ಬಂದವರು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಅಣ್ಣಂದಿರು ಹೂಂ ಅಂದುಬಿಟ್ಟಿದ್ದರು. ನಾನು ಫೋನಿನಲ್ಲಿ ಮೊದಲು ಜಗಳ ತೆಗೆದೆ, ಆಮೇಲೆ ಅತ್ತೆ. ಅಪ್ಪ ಎರಡನ್ನೂ ಸಮಾಧಾನದಿಂದ ಕೇಳಿಸಿಕೊಂಡು ಒಂದು ಶರತ್ತು ಹಾಕಿದರು.

"ಎಣ್ಣಿ ಬದಲಿ ಮಾಡ್ಲಿಕ್ಕ ಬರಲಾರದವರ ಕೈಗೆ ನಾ ಗಾಡಿ ಕೊಡಂಗಿಲ್ಲ. ಈಗ ಒಯ್ಯಿ. ಆಯುಧಪೂಜಿ ದಿನ ನಿನ್ನ ಕೈಲೇ ಸರ್ವಿಸ್ ಮಾಡಿ, ನೀನೇ ಓಡಿಸ್ಕೊಂಡು ಬಂದು ನನ್ನ ಮನಿ ಮುಂದ ನಿಂದರಸು. ಬಂತಂದ್ರ ಅದು ನಿಂದು. ಹಾದ್ಯಾಗ ನಿಂತ್ರ ಧಾಬಾದವಂದು."

ಆಗ ನಾವು ಮಲ್ಕಾಜ್‌ಗಿರಿಯಲ್ಲಿ, ರೈಲ್ವೆ ನೌಕರರೇ ತುಂಬಿದ್ದ ಒಂದು ಓಣಿಯಲ್ಲಿ ಬಾಡಿಗೆಗಿದ್ದೆವು. ಅಪ್ಪನ ಹಳೆಯ ಡ್ರೈವರ್ ಕಾರನ್ನು ತಂದು ಗೇಟಿನ ಮುಂದೆ ಬಿಟ್ಟು, ನನ್ನ ಮುಖವನ್ನು ಮರುಕದಿಂದ ನೋಡಿ, ಬಸ್ಸು ಹತ್ತಿ ಹೋದ. ನಮ್ಮ ಮನೆಯವರು ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ನಕಾಶೆ ಬರೆಯುವ ಕೆಲಸದವರು. ಯಂತ್ರದ ಚಿತ್ರವನ್ನು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಬರೆಯುತ್ತಿದ್ದರು. ಯಂತ್ರವನ್ನು ಮಾತ್ರ ಮುಟ್ಟುತ್ತಿರಲಿಲ್ಲ, ಕೈ ಎಣ್ಣೆಯಾಗುತ್ತದೆ. ಹಾಗಾಗಿ ಪುಸ್ತಕ ಓದಿ, ಓಣಿಯ ತುದಿಯ ಮೆಕ್ಯಾನಿಕ್ಕಿಗೆ ಚಹಾ ಕುಡಿಸಿ ಕೇಳಿ, ನಾನೇ ಕಲಿತೆ. ಎಣ್ಣೆ ಇಳಿಸುವುದು ಬಂತು. ಪ್ಲಗ್ ಒರೆಸುವುದು ಬಂತು. ಎಡವಿದ್ದು ಆಯಿಲ್ ಫಿಲ್ಟರಿನಲ್ಲಿ.

ಎಂಜಿನ್ನಿನ ಎಣ್ಣೆಯನ್ನು ಸೋಸುವ ಈ ಫಿಲ್ಟರು ಈಗಿನ ಗಾಡಿಗಳಲ್ಲಿ ಒಂದು ಮುಚ್ಚಿದ ಡಬ್ಬಿ. ಹಳೆಯದನ್ನು ತಿರುಗಿಸಿ ತೆಗೆದು ಹೊಸದನ್ನು ತಿರುಗಿಸಿ ಹಾಕಿದರೆ ಮುಗಿಯಿತು. ನಮ್ಮ ಬಿಳಿ ಕಾರಿನದು ಹಾಗಲ್ಲ. ಎಂಜಿನ್ನಿನ ಪಕ್ಕದಲ್ಲಿ ದೊಡ್ಡ ಲೋಟದಂಥ ಉಕ್ಕಿನ ಬಟ್ಟಲು ನೇತಾಡುತ್ತಿತ್ತು. ಅದರೊಳಗೆ ಕಾಗದದ ಫಿಲ್ಟರು, ಬಟ್ಟಲಿನ ಬಾಯಿಗೆ ಎಣ್ಣೆ ಸೋರದಂತೆ ಒಂದು ರಬ್ಬರ್ ರಿಂಗು, ನಡುವೆ ಉದ್ದನೆಯ ಒಂದು ಬೋಲ್ಟು. ನಾನು ಬಿಚ್ಚಿದಾಗ ಹಳೆಯ ರಿಂಗು ಸುಟ್ಟ ಹಪ್ಪಳದ ಹಾಗೆ ತುಂಡು ತುಂಡಾಗಿ ಉದುರಿತು. ಬಟ್ಟಲಿನ ತಳದಲ್ಲಿ, ಫಿಲ್ಟರಿನ ಕೆಳಗೆ, ನೀಲಿ ಬಣ್ಣದ ದಪ್ಪನೆಯ ಒಂದು ಬಿಲ್ಲೆ ಇತ್ತು. ಅದನ್ನೂ ಒಂದು ಬಿಡಿಭಾಗವೆಂದುಕೊಂಡು ಒರೆಸಿ, ಕಾಗದದಲ್ಲಿ ಸುತ್ತಿ, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಮನೆಯವರೊಡನೆ ಅಂಗಡಿ ಅಂಗಡಿ ಅಲೆದೆ.

ಅಂಗಡಿಯವರೆಲ್ಲ ಒಂದೇ ಮಾದರಿ. ಪ್ರಶ್ನೆ ನಾನು ಕೇಳಿದರೆ ಉತ್ತರ ಮನೆಯವರಿಗೆ ಹೇಳುತ್ತಿದ್ದರು. ಚೀಲ ಬಿಚ್ಚಲು ಬಿಡದೆ, ಕಾರಿನ ಹೆಸರು ಕೇಳಿದ ಕೂಡಲೇ ಒಂದು ಫಿಲ್ಟರ್ ತೆಗೆದು ಮುಂದಿಡುತ್ತಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಮನೆಗೆ ತಂದು ನೋಡಿದರೆ ಬಟ್ಟಲಿನೊಳಗೆ ಅದು ಲೊಡಲೊಡ ಅಲ್ಲಾಡುವುದು. ಎರಡು ಸಲ ಹೀಗಾಯಿತು. "ನೀಲಿ ಬಿಲ್ಲೆಯೂ ಹೊಸದು ಬೇಕು" ಅಂದಾಗ ಒಬ್ಬನಂತೂ ಗಂಭೀರವಾಗಿ ಅರ್ಧ ಗಂಟೆ ಅಟ್ಟ ಹುಡುಕಿ, ಸ್ಟಾಕ್ ಇಲ್ಲ, ಮುಂದಿನ ವಾರ ಬರುತ್ತದೆ ಎಂದ.

ಮೂರನೆಯ ದಿನ ಬೇಗಂಪೇಟೆಯ ಆ ಓಣಿಯಲ್ಲಿ ನಿಂತು ನಾನು ಮನೆಯವರ ಮೇಲೆ ಹರಿಹಾಯ್ದೆ. ಅಂಗಡಿಯವರು ನಿಮ್ಮ ಕಡೆ ನೋಡಿದಾಗ ತಲೆ ಯಾಕೆ ಆಡಿಸುತ್ತೀರಿ, ನಿಮಗೇನು ತಿಳಿಯುತ್ತದೆ ಎಂದು ಕನ್ನಡದಲ್ಲಿ ಧೈರ್ಯವಾಗಿ ಬೈಯುತ್ತಿದ್ದೆ. ಹೈದರಾಬಾದಿನ ರಸ್ತೆಯಲ್ಲಿ ಕನ್ನಡ ಯಾರಿಗೆ ತಿಳಿಯಬೇಕು ಎಂಬ ಭರವಸೆ. ಅಷ್ಟರಲ್ಲಿ ಪಕ್ಕದ ಅಂಗಡಿಯ ಕತ್ತಲೆಯೊಳಗಿಂದ ದನಿ ಬಂತು.

"ಪಾಪ, ಅವರಿಗ್ಯಾಕ ಬೈಯಾಕತ್ತೀರಿ? ಒಳಗ ಬರ್ರಿ. ಚೀಲದಾಗ ಏನೈತಿ ತೋರಸ್ರಿ."

ನನ್ನ ಮುಖ ಇಷ್ಟು ಚಿಕ್ಕದಾಯಿತು. ಮನೆಯವರ ಮುಖ ಅರಳಿತು. ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತು ಕಾರಿನ ಹೆಸರು ಹೇಳತೊಡಗಿದರೆ ಕಾಕು ಕೈ ಎತ್ತಿ ತಡೆದರು. "ಹೆಸರ ಹೇಳಬ್ಯಾಡ್ರಿ. ಹೆಸರ ಕೇಳಿ ಫಿಲ್ಟರ್ ಕೊಟ್ರ, ಹೆಸರ ಕೇಳಿ ಮದುವಿ ಮಾಡಿದ್ಹಂಗ. ಹಳೇದು ತೋರಸ್ರಿ."

ನಾನು ಚೀಲದಿಂದ ಒಂದೊಂದಾಗಿ ತೆಗೆದಿಟ್ಟೆ. ಕಡೆಗೆ ಕಾಗದದ ಪೊಟ್ಟಣ ಬಿಚ್ಚಿ ನೀಲಿ ಬಿಲ್ಲೆಯನ್ನು ನಾಜೂಕಾಗಿ ಮುಂದೆ ಸರಿಸಿದೆ. ಕಾಕು ಅದನ್ನು ಬೆಳಕಿಗೆ ಹಿಡಿದರು, ಹಿಂಡಿದರು, ಮೂಸಿದರು. ಕನ್ನಡಕ ತೆಗೆದರು. ಆಮೇಲೆ ನಗಲು ಶುರುಮಾಡಿದವರು ಸೆರಗಿನಿಂದ ಕಣ್ಣು ಒರೆಸಿಕೊಂಡರೂ ನಗು ನಿಲ್ಲಲಿಲ್ಲ.

"ಇದು ಹವಾಯಿ ಚಪ್ಪಲಿರಿ ಬಾಯಾರ."

ವಿಷಯ ಇಷ್ಟೇ. ನಮ್ಮ ಕಾರು ಎರಡು ಬಗೆಯ ಬಟ್ಟಲಿನಲ್ಲಿ ಬಂದಿತ್ತು. ಮೊದಲ ವರ್ಷಗಳ ಗಾಡಿಗೆ ಉದ್ದನೆಯ ಬಟ್ಟಲು, ಆಮೇಲಿನದಕ್ಕೆ ಗಿಡ್ಡ ಬಟ್ಟಲು. ಹೆಸರು ಒಂದೇ, ಫಿಲ್ಟರ್ ಬೇರೆ. ನಮ್ಮದು ಉದ್ದದ್ದು. ಬೀದರಿನಲ್ಲಿ ಉದ್ದ ಫಿಲ್ಟರ್ ಸಿಗದೆ ಯಾರೋ ಜಾಣ ಮೆಕ್ಯಾನಿಕ್ಕು ಗಿಡ್ಡದ್ದನ್ನೇ ಹಾಕಿ, ಅದು ಅಲ್ಲಾಡದಿರಲೆಂದು ಚಪ್ಪಲಿಯ ಹಿಮ್ಮಡಿ ಕತ್ತರಿಸಿ ಕೆಳಗೆ ಇಟ್ಟಿದ್ದ. ಅಪ್ಪ ಎಷ್ಟು ವರ್ಷ ಆ ಚಪ್ಪಲಿಯ ಮೇಲೆ ಹಳ್ಳಿ ಹಳ್ಳಿ ತಿರುಗಿದ್ದರೋ ದೇವರಿಗೇ ಗೊತ್ತು.

ಕಾಕು ಆಮೇಲೆ ಮಾಡಿದ್ದನ್ನು ನಾನು ಬೇರೆ ಯಾವ ಅಂಗಡಿಯಲ್ಲೂ ಕಂಡಿಲ್ಲ. ಗಲ್ಲೆಯ ಕೆಳಗಿನಿಂದ ಒಂದು ಈಳಿಗೆಮಣೆ ತೆಗೆದರು. ಹೌದು, ಕಾಯಿಪಲ್ಲೆ ಹೆಚ್ಚುವ ಈಳಿಗೆಮಣೆಯೇ. ಅದರ ಮೇಲೆ ಒಂದು ಮೊಣಕಾಲು ಮಡಿಸಿ ಕೂತು, ನನ್ನ ಹಳೆಯ ಫಿಲ್ಟರನ್ನು ಎಲೆಕೋಸು ಹೆಚ್ಚಿದ ಹಾಗೆ ಎರಡು ಹೋಳು ಮಾಡಿದರು. ಕಾಗದದ ಮಡಿಕೆಗಳನ್ನು ಬಿಚ್ಚಿ, ಎಣ್ಣೆಯ ಕರಿಯನ್ನು ಬೆರಳಿನಿಂದ ಸವರಿ, ಬಾಗಿಲ ಬಿಸಿಲಿಗೆ ಹೋಗಿ ಬೆರಳನ್ನು ಆಚೀಚೆ ಹೊರಳಿಸಿ ನೋಡಿದರು. ಮಿಂಚಿದರೆ ಲೋಹದ ಪುಡಿ, ಬೇರಿಂಗ್ ಸವೆಯುತ್ತಿದೆ ಎಂದು ಅರ್ಥವಂತೆ. ಮಿಂಚಲಿಲ್ಲ. "ನಿಮ್ಮ ಪುಣ್ಯಾ ದೊಡ್ಡದು. ಚಪ್ಪಲಿ ಮ್ಯಾಲೂ ಎಂಜಿನ್ ಭಾಳ ಛಲೋ ಐತಿ. ಆದ್ರ ಇನ್ನ ಮ್ಯಾಲೆ ಇದು ನಡೆಯಂಗಿಲ್ಲ" ಅಂದರು. ಗಿಡ್ಡ ಫಿಲ್ಟರಿನ ಅಂಚಿನಿಂದ ಸೋಸದ ಎಣ್ಣೆ ನುಸುಳಿ ಒಳಗೆ ಹೋಗುತ್ತದೆ, ಒಂದು ದಿನ ಎಂಜಿನ್ ಹಿಡಿದುಕೊಳ್ಳುತ್ತದೆ ಎಂದು ಬಿಡಿಸಿ ಹೇಳಿದರು.

ಫಿಲ್ಟರ್ ಆರಿಸುವುದನ್ನು ಅವರು ನನಗೆ ಅಂದು ಕಲಿಸಿದರು. ಉದ್ದನೆಯವು ಮೂರು ಬಗೆ ತೆಗೆದು ಮುಂದಿಟ್ಟರು. ಒಂದರ ಮಡಿಕೆಗಳನ್ನು ಬೆರಳಿನಿಂದ ಅಗಲಿಸಿದರೆ ಹಾಗೆಯೇ ಬಾಯಿ ಬಿಟ್ಟುಕೊಂಡು ಉಳಿದವು, ಅದು ಪಕ್ಕಕ್ಕೆ ಹೋಯಿತು. ಇನ್ನೊಂದರ ತುದಿಯ ತಗಡಿಗೆ ಅಂಟು ಸರಿಯಾಗಿ ಹತ್ತಿರಲಿಲ್ಲ, ಅದೂ ಹೋಯಿತು. ಮೂರನೆಯದರ ಮಡಿಕೆಗಳು ಬಿಟ್ಟ ಕೂಡಲೇ ಹಿಂದಕ್ಕೆ ಬಂದು ಕೂಡಿಕೊಂಡವು. ಅದನ್ನು ಬಟ್ಟಲಿಗೆ ಇಳಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನನ್ನ ಕಿವಿಗೂ ಹಿಡಿದರು. ಸದ್ದಿಲ್ಲ. ಅಷ್ಟು ಸಣ್ಣ ಕೆಲಸಕ್ಕೆ ನನಗೆ ಆದ ಖುಷಿಯನ್ನು ಏನೆಂದು ಹೇಳಲಿ... ಜೀವಮಾನದಲ್ಲಿ ಮೊದಲ ಸಲ ಅಂಗಡಿಯವರೊಬ್ಬರು ನನ್ನ ಗಂಡನ ಮುಖ ನೋಡದೆ ನನಗೆ ಸಾಮಾನು ತೋರಿಸಿದ್ದರು.

ಉಳಿದದ್ದು ರಬ್ಬರ್ ರಿಂಗು. ಹಳೆಯದು ಪುಡಿಯಾಗಿತ್ತು, ಅಳತೆಗೆ ಏನೂ ಇರಲಿಲ್ಲ. ಕಾಕು ಗೋಡೆಯ ಕಡೆ ತಿರುಗಿದರು. ಅಲ್ಲಿ ಸಾಲಾಗಿ ನಾಲ್ಕು ಮೊಳೆ, ಒಂದೊಂದಕ್ಕೂ ಒಂದೊಂದು ಹಸಿರು ಗಾಜಿನ ಬಳೆ. ಪ್ರತಿ ಮೊಳೆಯ ಕೆಳಗೆ ರಿಂಗಿನ ಒಂದು ಡಬ್ಬಿ. ಎರಡು-ನಾಲ್ಕು, ಎರಡು-ಆರು, ಎರಡು-ಎಂಟು, ಎರಡು-ಹತ್ತು. ಬಳೆಗಾರರ ಅಳತೆಗಳೇ. ಬಟ್ಟಲಿನ ಬಾಯಿಗೆ ಯಾವ ಬಳೆ ಸರಿಯಾಗಿ ಕೂರುತ್ತದೋ ಆ ಡಬ್ಬಿಯ ರಿಂಗು. ಮೂರನೆಯ ಮೊಳೆಯ ಬಳೆ ನಮ್ಮ ಬಟ್ಟಲಿನ ಮೇಲೆ ಅಳೆದು ಮಾಡಿದಂತೆ ಕೂತಿತು.

ನಮ್ಮ ಮನೆಯವರಿಗೆ ತಡೆಯಲಾಗಲಿಲ್ಲ. ನಕಾಶೆಯವರಲ್ಲವೇ, ಅಳತೆಗೆ ಉಕ್ಕಿನ ಸಲಕರಣೆ ಇರುತ್ತದಲ್ಲ ಎಂದರು. "ಐತಿ. ನಮ್ಮವರು ತಂದಿದ್ರು. ಅದರ ಹಲ್ಲು ಸವದಾವು, ನನಗ ಅಂಕಿ ಕಾಣಂಗಿಲ್ಲ" ಅಂದ ಕಾಕು ಬಳೆಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸಿದರು. "ಗಾಜು ನೋಡ್ರಿ, ಸವೆಯಂಗಿಲ್ಲ, ಹಿಗ್ಗಂಗಿಲ್ಲ. ಉಳಿದ ಮೂರು ಚಾರ್ಮಿನಾರ್ ಕಡೆ ಕೊಂಡಿದ್ದು. ಆ ಮೂರನೇ ಮೊಳೀಗೆ ಇಟ್ಟಿದ್ದು ನಂದ. ನಮ್ಮವರು ಹೋದಾಗ ಕೈಯಾಗಿಂದ ತಗಸಿದ್ರು. ಒಡೀಬ್ಯಾಡ್ರಿ, ಅಂಗಡ್ಯಾಗ ಕೆಲಸಕ್ಕ ಬರ್ತೈತಿ ಅಂದೆ." ಅದನ್ನೂ ಅವರು ನಗುತ್ತಲೇ ಹೇಳಿದರು. ನಾನು ನಗಲಿಲ್ಲ. ಅವರು ಅದನ್ನು ಗಮನಿಸಿ, ರಿಂಗನ್ನು ಮೂಸಿ, ಹೊಸದು, ಖಾರ ಐತಿ ಎಂದು ನನ್ನ ಮೂಗಿಗೂ ಹಿಡಿದರು.

ಆಯುಧಪೂಜೆಯ ಹಿಂದಿನ ದಿನ ರಜೆ ಹಾಕಿ ಸರ್ವಿಸ್ ಮಾಡಿದೆ. ಎಲ್ಲ ಸುಸೂತ್ರ, ರಿಂಗು ಕೂರಿಸುವಾಗ ಮಾತ್ರ ಕೈ ಸೋತಿತು. ಗಾಡಿಯಲ್ಲಿ ರಿಂಗು ಕೂರುವ ತೋಡಿನ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದು ಬರುತ್ತಿತ್ತು. ಹೊಸ ರಬ್ಬರು ಬಿಗಿ ಇರುತ್ತದೆ, ನನ್ನ ಕೈಗೆ ಅಭ್ಯಾಸವಿಲ್ಲ ಎಂದುಕೊಂಡು ಎಳೆದೆಳೆದು ಕೂರಿಸಿದೆ. ಎಂಜಿನ್ ಶುರುಮಾಡಿ ಹತ್ತು ನಿಮಿಷ ಬಿಟ್ಟೆ. ಒಂದು ಹನಿ ಸೋರಲಿಲ್ಲ. ಮನೆಯವರು ಬಾನೆಟ್ಟಿಗೆ ಕುಂಕುಮ ಹಚ್ಚಿ, ಕೈ ತೊಳೆದುಕೊಂಡರು.

ಮರುದಿನ ಬೆಳಿಗ್ಗೆ ಏಳು ಗಂಟೆ. ಬುತ್ತಿ ಕಟ್ಟಿಯಾಗಿತ್ತು. ನಾನು ಸ್ಟೇರಿಂಗ್ ಹಿಂದೆ ಕೂತು ಬೀಗದ ಕೈ ಹಾಕಿದ್ದೆ. ಓಣಿಯ ತುದಿಯಲ್ಲಿ ಒಂದು ಆಟೋ ನಿಂತಿತು. ಇಳಕಲ್ ಸೀರೆಯೊಂದು ಅದರಿಂದ ಇಳಿದು, ಮುಂದೆ ಹಾಲಿನವನನ್ನು ತೆಲುಗಿನಲ್ಲಿ ಏನೋ ಕೇಳಿ, ನನ್ನ ಕಡೆ ನೋಡಿದ್ದೇ ಎರಡೂ ಕೈ ಎತ್ತಿಕೊಂಡು ಓಡಿ ಬಂತು. ಕಾಕು ಓಡುತ್ತಾರೆಂದು ನನಗೆ ಗೊತ್ತಿರಲಿಲ್ಲ.

"ಚಾಲೂ ಮಾಡಬ್ಯಾಡ್ರಿ, ಚಾಲೂ ಮಾಡಬ್ಯಾಡ್ರಿ."

ನೀರು ಕುಡಿದು, ಉಸಿರು ಸಾವರಿಸಿಕೊಂಡು ಹೇಳಿದರು. ಮೂರನೆಯ ಮೊಳೆಯ ಬಳೆ ಅವರದಾಗಿರಲಿಲ್ಲ. ವಾರದ ಕೆಳಗೆ, ನಾನು ಅಂಗಡಿಗೆ ಹೋಗುವ ಹಿಂದಿನ ದಿನ, ಗುಡಿಸುವಾಗ ಅವರ ಸೊಸೆಯ ಕೈ ತಗುಲಿ ಅದು ಒಡೆದಿತ್ತು. ಅತ್ತೆಯ ಮದುವೆಯ ಬಳೆ ಒಡೆಯಿತಲ್ಲ ಎಂದು ಹೆದರಿದ ಸೊಸೆ, ತನ್ನ ಕೈಯ ಹಸಿರು ಬಳೆಯನ್ನೇ ತೆಗೆದು ಮೊಳೆಗೆ ಹಾಕಿ ಸುಮ್ಮನಾಗಿದ್ದಳು. ಅವಳದು ದುಂಡು ಕೈ, ಒಂದು ಅಳತೆ ದೊಡ್ಡದು. ಹಿಂದಿನ ಸಂಜೆ ಹಳೆಯ ಗಿರಾಕಿಯೊಬ್ಬ ತಂದ ಬಟ್ಟಲಿಗೆ ಆ ಬಳೆ ಸಡಿಲವಾದಾಗ ಕಾಕುವಿಗೆ ಗೊತ್ತಾಯಿತು. ನನಗೆ ಕೊಟ್ಟ ರಿಂಗು ಒಂದು ಅಳತೆ ಚಿಕ್ಕದು. ಎಳೆದು ಕೂರಿಸಿದರೆ ಕೂರುತ್ತದೆ, ಗಾಡಿ ನಿಂತಲ್ಲೇ ಇದ್ದರೆ ಸೋರುವುದೂ ಇಲ್ಲ. ದೂರ ಓಡಿ ಎಣ್ಣೆ ಕಾದು ಒತ್ತಡ ಏರಿದ ಮೇಲೆ ಹೊರಕ್ಕೆ ಉಬ್ಬಿ ಬರುತ್ತದೆ. ಎಣ್ಣೆಯೆಲ್ಲ ರಸ್ತೆಗೆ, ಎಂಜಿನ್ ಅಲ್ಲಿಗೇ ಮುಗಿಯಿತು.

ನನ್ನ ಫೋನ್ ನಂಬರು ಅವರ ಹತ್ತಿರ ಇರಲಿಲ್ಲ. ಮಾತಿನ ನಡುವೆ ನಾನು ಮಲ್ಕಾಜ್‌ಗಿರಿ, ಸ್ಟೇಷನ್ ಹಿಂದಿನ ಓಣಿ, ಬಿಳಿ ಕಾರು, ಆಯುಧಪೂಜೆಗೆ ಬೀದರಿಗೆ ಹೊರಡುತ್ತೇನೆ ಎಂದದ್ದಷ್ಟೇ ಅವರಿಗೆ ನೆನಪು. ಆಯುಧಪೂಜೆಯ ದಿನ, ಅಂಗಡಿಯ ತಕ್ಕಡಿ, ಬೋಲ್ಟು ಬಿಚ್ಚುವ ಪಾನಾಗಳಿಗೆಲ್ಲ ಪೂಜೆಯಾಗಬೇಕಾದ ದಿನ, ಅದನ್ನು ಸೊಸೆಗೆ ವಹಿಸಿ ಬೇಗಂಪೇಟೆಯಲ್ಲಿ ಮೊದಲ ಲೋಕಲ್ ರೈಲು ಹತ್ತಿದ್ದರು. ಸಿಕಂದರಾಬಾದಿನಲ್ಲಿ ಇಳಿದು ಮಲ್ಕಾಜ್‌ಗಿರಿಗೆ ಆಟೋ. ಸ್ಟೇಷನ್ ಹಿಂದೆ ಓಣಿಗಳು ಹತ್ತಾರು. ಮನೆ ಹೇಗೆ ಸಿಕ್ಕಿತು ಎಂದು ಕೇಳಿದೆ.

"ಹಳೇ ಗಾಡಿ ಅಲ್ರಿ. ಹಳೇ ರಿಂಗು ಸೋರಿದ್ದ ಎಣ್ಣಿ ಕಲಿ ರಸ್ತಾದಾಗ ನೋಡಕೋತ ಬಂದೆ" ಅಂದರು.

ಗೇಟಿನ ಮುಂದೆ ಚಾಪೆ ಹಾಸಿದೆ. ಕಾಕು ಮಣೆ ಹಾಕಿಕೊಂಡು ಚಕ್ರದ ಪಕ್ಕ ಕೂತರು. ಇಷ್ಟು ವರ್ಷ ಸಾವಿರಾರು ಗಾಡಿಗೆ ಫಿಲ್ಟರ್ ಕೊಟ್ಟವರು ಅದನ್ನು ಗಾಡಿಗೆ ಹಾಕುವುದನ್ನು ಹತ್ತಿರದಿಂದ ನೋಡಿರಲಿಲ್ಲ. ನಾನು ಬಟ್ಟಲು ಇಳಿಸಿದೆ, ಅವರು ಬೋಗುಣಿ ಹಿಡಿದರು. ಚಿಕ್ಕ ರಿಂಗು ತೆಗೆದು, ಅವರು ತಂದ ರಿಂಗನ್ನು ಎಣ್ಣೆಯಲ್ಲಿ ಅದ್ದಿ ತೋಡಿಗೆ ಇಟ್ಟೆ. ಬೆರಳಿನಿಂದ ಒಂದು ಸುತ್ತು ಸವರಿದ್ದಷ್ಟೇ, ತಾನೇ ಕೂತಿತು. ಹಿಂದಿನ ದಿನ ಒಂದು ಗಂಟೆ ಒದ್ದಾಡಿದ್ದ ಕೈ ಇದೇನಾ ಎನಿಸಿತು.

ಎಣ್ಣೆ ತುಂಬಿ ಎದ್ದಾಗ ಎಂಟು ಗಂಟೆ ದಾಟಿತ್ತು. ಕಾಕು ಕೈ ಒರೆಸಿಕೊಂಡು, ಹೋಗಿ ಬರ್ರಿ ಎಂದು ಹೊರಟರು. ನಮ್ಮ ಮನೆಯವರು ಆವತ್ತು ತಮ್ಮ ಜೀವನದ ಅತ್ಯಂತ ಬುದ್ಧಿವಂತ ಕೆಲಸ ಮಾಡಿದರು. ಮುಂದಿನ ಸೀಟಿನ ಬಾಗಿಲು ತೆರೆದು, "ಕಾಕು, ಕೂಡ್ರಿ. ನೀವು ಬರಲಿಲ್ಲಂದ್ರ ಇಕಿ ಹಾದೀ ತುಂಬ ನನಗ ಬೈತಾಳ" ಅಂದು ತಾವು ಹಿಂದಿನ ಸೀಟಿಗೆ ಹತ್ತಿದರು. ಕಾಕು ಹಿಂದೆ ಮುಂದೆ ನೋಡಿದರು. ಅಂಗಡಿ ಅಂದರು, ಪೂಜೆ ಅಂದರು, ಸೀರೆ ನೋಡ್ರಿ ಎಣ್ಣೆಯಾಗಿದೆ ಅಂದರು. ಆಮೇಲೆ ಮನೆಯವರ ಫೋನಿನಿಂದ ಅಂಗಡಿಗೆ ಒಂದು ಮಾತು ಹೇಳಿ, ಕೂತೇಬಿಟ್ಟರು.

ಆ ಪ್ರಯಾಣದಷ್ಟು ಸುಖದ ಪ್ರಯಾಣ ನಾನು ಇನ್ನೊಂದು ಮಾಡಿಲ್ಲ. ಊರು ದಾಟುವವರೆಗೆ ಕಾಕು ಮೊಣಕಾಲಿನ ಮೇಲೆ ಎರಡೂ ಅಂಗೈ ಊರಿ, ತಲೆ ಓರೆ ಮಾಡಿ ಎಂಜಿನ್ ಸದ್ದು ಕೇಳುತ್ತಿದ್ದರು. ಹೊಲಗಳು ಶುರುವಾದ ಮೇಲೆ ಗಾಜು ಇಳಿಸಿ ಕೈ ಹೊರಗೆ ಚಾಚಿದರು. ಜಹೀರಾಬಾದಿನಲ್ಲಿ ಚಹಾಕ್ಕೆ ನಿಲ್ಲಿಸಿ ಇಬ್ಬರೂ ಬಾನೆಟ್ ಎತ್ತಿ ಬಟ್ಟಲಿನ ಕೆಳಗೆ ಬೆರಳು ಸವರಿದೆವು. ಒಣಗಿತ್ತು. ರಸ್ತೆಯ ಬದಿಯಲ್ಲಿ ಎರಡು ಹೆಂಗಸರು ಕರಿ ಬೆರಳು ಹಿಡಿದುಕೊಂಡು ನಗುವುದನ್ನು ಲಾರಿಯವರು ನಿಂತು ನೋಡಿದರು.

ಚಹಾ ಕುಡಿಯುತ್ತ, ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದನ್ನು ಕೇಳಿಬಿಟ್ಟೆ. "ಕಾಕು, ನೀವು ಬರಲಾರದೆ ಇದ್ರೂ ಯಾರಿಗೂ ತಿಳೀತಿರಲಿಲ್ಲ. ಮೊದಲನೇ ಸಲ ಮಾಡಿದ್ದು, ನಾನೇ ತಪ್ಪು ಹಾಕೀನಿ ಅಂದ್ಕೋತಿದ್ದೆ."

"ಅದಕ್ಕ ಬಂದೆ" ಅಂದರು ಕಾಕು. "ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ ಅಂತಾರ. ಇಲ್ಲಿ ನೆಲಾನೇ ಡೊಂಕಿತ್ತು. ನೀವು ಸಾಯೂತನಕ ನಿಮ್ಮ ಕೈಗೆ ಬೈಕೋತ ಕೂಡ್ತಿದ್ರಿ."

ನಾನು ಅವರ ಗ್ಲಾಸಿಗೆ ಇನ್ನಷ್ಟು ಚಹಾ ಹಾಕಿಸಿದೆ. ಬಳೆಯ ವಿಷಯ ಎತ್ತಿದರೆ, "ಅದು ಹೋತು, ಹೋಗ್ಲಿ. ಸೊಸಿ ಒಡದಿದ್ದಕ್ಕ ಬೈಲಿಲ್ಲ, ಮುಚ್ಚಿಟ್ಟಿದ್ದಕ್ಕ ಬೈದೆ" ಎಂದು ಗ್ಲಾಸು ಕೆಳಗಿಟ್ಟರು.

ಬೀದರಿನ ಮನೆಯ ಮುಂದೆ ಗಾಡಿ ನಿಂತಾಗ ಹನ್ನೆರಡು ಹೊಡೆಯುತ್ತಿತ್ತು. ಅಪ್ಪ ಪೂಜೆಯ ತಟ್ಟೆ ಹಿಡಿದು ಗೇಟಿನಲ್ಲೇ ನಿಂತಿದ್ದರು. ಬೆಳಿಗ್ಗೆ ಒಂಬತ್ತರಿಂದ ಅಲ್ಲಿಯೇ ನಿಂತಿದ್ದಾರೆ ಎಂದು ಅತ್ತಿಗೆ ಆಮೇಲೆ ಹೇಳಿದರು. ನನ್ನ ಕಡೆ ನೋಡಲಿಲ್ಲ. ನೇರ ಬಾನೆಟ್ ಎತ್ತಿಸಿ, ಬಟ್ಟಲಿನ ಕೆಳಗೆ ಕೈ ಹಾಕಿ, ಬೆರಳನ್ನು ಕಣ್ಣಿನ ಹತ್ತಿರ ತಂದುಕೊಂಡು ನೋಡಿದರು. ಧೋತರಕ್ಕೆ ಒರೆಸಿಕೊಂಡರು. "ಒಣಾ ಅದ" ಅಂದರು. ಆ ಒಂದು ಮಾತಿಗೆ ಕಾರು ನನ್ನದಾಯಿತು.

ಕಾಕು ಚೀಲದಿಂದ ನೀಲಿ ಬಿಲ್ಲೆ ತೆಗೆದು ಅಪ್ಪನ ಅಂಗೈ ಮೇಲಿಟ್ಟರು. ಯಾವಾಗ ಅದನ್ನು ಅಂಗಡಿಯಿಂದ ಎತ್ತಿಟ್ಟುಕೊಂಡಿದ್ದರೋ. "ಡಾಕ್ಟರ್ ಸಾಹೇಬ್ರ, ಚಪ್ಪಲಿ ಕಾಲಿಗೆ ಹಾಕ್ಕೋತಾರ್ರಿ, ಎಂಜಿನ್ನಿಗೆ ಹಾಕಂಗಿಲ್ಲ." ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅವರು ನಕ್ಕ ನಗುವಿಗೆ ಅಣ್ಣಂದಿರು ಒಳಗಿಂದ ಓಡಿ ಬಂದರು. "ಇದು ನಂದೇ ಚಪ್ಪಲಿ ಅದ. ಒಂದು ಕಳದಾದ ಅಂತ ಎಷ್ಟು ಹುಡುಕಿದ್ದೆ" ಅಂದರು ಅಪ್ಪ. ಕಾಕುವನ್ನು ಮಣೆ ಹಾಕಿ ಕೂರಿಸಿ, ಕಾರಿಗಿಂತ ಮೊದಲು ಅವರಿಗೆ ಹೋಳಿಗೆ ಬಡಿಸಿದರು. ಸಂಜೆ ತಿರುಗಿ ಬಂದೆವು. ಬೇಗಂಪೇಟೆಯ ಓಣಿಯಲ್ಲಿ, "ಇಲ್ಲೇ ಅಂಗಡಿ ಮುಂದ ಬಿಡ್ರಿ, ಸಾಕು" ಎಂದು ಇಳಿದು, ಶಟರಿನ ಮುಂದೆ ನಿಂತು ಕಾರು ತಿರುವಿನಲ್ಲಿ ಮರೆಯಾಗುವ ತನಕ ಕೈ ಆಡಿಸಿದರು.

ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ಅಂಗಡಿಗೆ ಹೋಗುತ್ತಿದ್ದೆ. ವರ್ಷಕ್ಕೆರಡು ಸಲ ಫಿಲ್ಟರು, ನಡುನಡುವೆ ಸುಮ್ಮನೆ. ಹೋದರೆ ಕಾಕು ಇರುತ್ತಿದ್ದರು. ಹಳೆಯ ಫಿಲ್ಟರನ್ನು ಈಳಿಗೆಯಲ್ಲಿ ಹೆಚ್ಚಿ, ಬಿಸಿಲಿಗೆ ಹಿಡಿದು, ಎಂಜಿನ್ನಿನ ಕ್ಷೇಮಸಮಾಚಾರ ಹೇಳುತ್ತಿದ್ದರು. ಚಹಾ ತರಿಸುತ್ತಿದ್ದರು. ಅಪ್ಪ ಹೋದಾಗ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಮಿಯಾಪುರಕ್ಕೆ ಮನೆ ಬದಲಿಸಿದ ಮೇಲೆ ಮೆಟ್ರೋ ಹತ್ತಿ ಹೋಗತೊಡಗಿದೆ. ಒಂದು ಸಲ ಮೂರ್ನಾಲ್ಕು ತಿಂಗಳು ಬಿಟ್ಟು ಹೋದಾಗ ಗೋಡೆಯಲ್ಲಿ ಮೊಳೆಗಳಿರಲಿಲ್ಲ. ಅಂಗಡಿಯ ತುಂಬ ಮೊಬೈಲ್ ಕವರುಗಳು ನೇತಾಡುತ್ತಿದ್ದವು. ಹೊಸಬನಿಗೆ ಏನೂ ಗೊತ್ತಿರಲಿಲ್ಲ. ಎದುರಿನ ಚಹಾದವನು ಗುರುತು ಹಿಡಿದು, ಫಿಲ್ಟರ್ ಅಮ್ಮ ಹೋಗಿ ಎರಡು ತಿಂಗಳಾಯಿತು, ಹತ್ತು ದಿನ ಮಲಗಿದ್ದರು, ಮಗ ಸೊಸೆ ಊರಿಗೆ ಹೊರಟುಹೋದರು ಎಂದ. ಅಮ್ಮ ಮಲಗಿದ್ದಾಗ ಓಣಿಯ ಮೆಕ್ಯಾನಿಕರೆಲ್ಲ ಹೋಗಿ ನೋಡಿ ಬಂದರಂತೆ. ನಿಮಗೆ ತಿಳಿಸಬೇಕೆಂದರೆ ನಂಬರು ಯಾರ ಹತ್ತಿರವೂ ಇರಲಿಲ್ಲ ಮೇಡಂ, ಎಂದು ಅವನೇ ತಪ್ಪಿತಸ್ಥನ ಹಾಗೆ ಹೇಳಿದ. ಆ ರಸ್ತೆಯಲ್ಲಿ ನಿಂತು ಅತ್ತೆ. ಈ ಸಲ ಕನ್ನಡದಲ್ಲಿ ಕರೆಯುವವರು ಯಾರೂ ಇರಲಿಲ್ಲ.

ಮೊನ್ನೆ ಬಂದ ಫಿಲ್ಟರು ಸರಿಯಾಗಿದೆ. ಉದ್ದ ಸರಿ, ಮಡಿಕೆ ಸರಿ, ರಿಂಗು ತೋಡಿನಲ್ಲಿ ತಾನೇ ಕೂತಿತು. ನಿನ್ನೆ ಕೆಳಗಿನ ಪಾರ್ಕಿಂಗಿನಲ್ಲಿ ಹಾಕಿ ಬಂದೆ. ಕೆಲಸ ಚೆನ್ನಾಗಿಯೇ ಆಯಿತು, ನನ್ನ ಕೈಯ ಮೇಲೆ ನನಗೆ ಭರವಸೆ ಇದೆ, ಅದು ಎಲ್ಲಿಂದ ಬಂತೆಂದೂ ಗೊತ್ತಿದೆ. ಸಂತೋಷಪಡಬೇಕು, ಪಡುತ್ತಲೂ ಇದ್ದೇನೆ. ಆದರೆ ಕೈ ತೊಳೆದುಕೊಂಡು ಕೂತರೆ ಒಂದೇ ವಿಷಯ ಮನಸ್ಸನ್ನು ಹಿಂಡುತ್ತದೆ... ನಂಬರಿಲ್ಲ, ವಿಳಾಸವಿಲ್ಲ, ಹಬ್ಬದ ದಿನ ಕಾಕು ನನ್ನ ಮನೆ ಹುಡುಕಿಕೊಂಡು ಬಂದರು. ಅಷ್ಟು ವರ್ಷ ಅವರ ಎದುರಿನ ಸ್ಟೂಲಿನ ಮೇಲೆ ಕೂತು ಚಹಾ ಕುಡಿದ ನಾನು, ಅವರ ಮನೆ ಎಲ್ಲಿ ಎಂದು ಒಂದು ದಿನವೂ ಕೇಳಲಿಲ್ಲ.